ಅಡುಗೆಮನೆ ನೆಲದ ಬಿಲ್ಲು

"ತಪ್ಪು ಜಾಗ ಅಗೆದಿದ್ದು ನಿಮ್ಮವರು... ಅದಕ್ಕೆ ದುಡ್ಡು ಕೊಡ್ಬೇಕಾದವಳು ನಾನಾ?!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೈಪು ಆರಿಸುತ್ತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಹಾಗೇ ನಿಂತುಬಿಟ್ಟರು. ಮೂಡಿಗೆರೆ ಪೇಟೆಯಲ್ಲಿ ಓಂಕಾರಮೂರ್ತಿಯವರ ಪ್ಲಂಬಿಂಗ್ ಅಂಗಡಿ ಅಂದರೆ ಜನ ತಗ್ಗಿ ಮಾತಾಡುವ ಜಾಗ. ಅಲ್ಲಿ ನಿಂತು ಹೀಗೆ ದನಿ ಎತ್ತಿದ ಹೆಂಗಸನ್ನು ಯಾರೂ ನೋಡಿರಲಿಲ್ಲ.

ಕೌಂಟರಿನ ಹಿಂದೆ ಇದ್ದವನು ಓಂಕಾರಮೂರ್ತಿಯವರ ಮಗ ಬಸವಪ್ರಸಾದ್. ನಲವತ್ತಕ್ಕೆ ಹತ್ತಿರದ ವಯಸ್ಸು, ನಿದ್ದೆ ಸಾಲದ ಕಣ್ಣು. ಅವನು ಬಿಲ್ಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ನೀವು... ಭವ್ಯಾ ಅವ್ರಲ್ವಾ? ಹಿಂದಿನ ರಸ್ತೆ ಮೆಸ್ಸು?"

"ಹೌದು. ನಿಮ್ಮ ಹುಡುಗರು ನೆಲ ಅಗೆದು ಹಾಕಿದ ಮೆಸ್ಸು! ಲೀಕ್ ಇದ್ದಿದ್ದು ಬಚ್ಚಲ ಗೋಡೆ ಒಳಗೆ. ಒಡೆದಿದ್ದು ನನ್ನ ಅಡುಗೆಮನೆ ನೆಲ. ಒಲೆ ಹಚ್ಚೋಕೆ ಜಾಗ ಇಲ್ದೆ ಮೆಸ್ಸು ಮುಚ್ಚಿ ಕೂತಿದ್ದೆ. ಈಗ ನೋಡಿದ್ರೆ ಗೋಡೆಗೂ ಬಿಲ್ಲು, ನೆಲಕ್ಕೂ ಬಿಲ್ಲು!"

"ಹುಡುಕೋದೂ ಕೆಲಸಾನೇ ಮೇಡಂ. ಲೇಬರ್ ಆಗಿದೆ..."

ಈ ಮಾತನ್ನು ಅವನು ಬಾಯಿಪಾಠದಂತೆ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

"ತಪ್ಪು ನಿಮ್ದು ಅಂತ ಒಂದು ಮಾತು ಹೇಳಿ. ಸಾಕು."

ಬಸವಪ್ರಸಾದ್ ಬಾಯಿ ತೆರೆದ. ಅಷ್ಟರಲ್ಲಿ ಒಳಕೋಣೆಯಿಂದ ಅಪ್ಪ ಕೆಮ್ಮಿದ ಸದ್ದು ಕೇಳಿತು. ಅವನು ಬಾಯಿ ಮುಚ್ಚಿಕೊಂಡ.

"ಸರಿ. ಹಾಗಾದ್ರೆ ಗ್ರಾಹಕರ ಕೋರ್ಟಲ್ಲಿ ಹೇಳಿ!"

ಭವ್ಯಾ ಬಿಲ್ಲು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಗೆ ಬಂದಳು. ಪಕ್ಕದ ಅಂಗಡಿಯ ಕಟ್ಟೆ ಮೇಲೆ ಕೂತಳು.

'ಮತ್ತೆ ಜಗಳ... ಎಲ್ಲಿ ಹೋದರೂ ನನಗೆ ಜಗಳವೇ ಯಾಕೆ?'

ಭವ್ಯಾ ಕಳಸದ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದು ದುಡಿದವರು. ಕೂಲಿಯಲ್ಲಿ ಕಮ್ಮಿ ಬಂದರೂ ಅಪ್ಪ ಗುರುವಯ್ಯ ತಲೆ ತಗ್ಗಿಸಿ ಬರುತ್ತಿದ್ದರು. ಕೇಳುತ್ತಿದ್ದವಳು ಮಗಳು. ಪಡಿತರದ ಅಂಗಡಿಯಲ್ಲಿ ಕೇಳಿದಳು, ಶಾಲೆಯಲ್ಲಿ ಕೇಳಿದಳು. ಮದುವೆಯಾದ ಮೇಲೆ ಗಂಡನ ಮನೆಯಲ್ಲೂ ಕೇಳಿದಳು. ಮೂರು ವರ್ಷಕ್ಕೆ ಗಂಡನಿಗೆ ಸಾಕಾಯಿತು.

"ನಿನ್ನ ಜೊತೆ ಬದುಕೋದು ಅಂದ್ರೆ ದಿನಾ ಕಟಕಟೇಲಿ ನಿಂತಂಗೆ" ಅಂತ ಹೇಳಿ ಹೋದವನು ತಿರುಗಿ ಬರಲಿಲ್ಲ. ವಿಚ್ಛೇದನವೂ ಮುಗಿಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹುಚ್ಚಮ್ಮನನ್ನು ಕರೆದುಕೊಂಡು ಮೂಡಿಗೆರೆಗೆ ಬಂದು ಮೆಸ್ಸು ಶುರು ಮಾಡಿದಳು. ಬ್ಯಾಂಕಿನವರು, ಜೀಪ್ ಡ್ರೈವರುಗಳು, ಒಂಟಿ ಮೇಷ್ಟ್ರುಗಳು ಅವಳ ಕೈಯಡುಗೆ ನಂಬಿಕೊಂಡಿದ್ದರು.

ಅಂಥವಳ ಅಡುಗೆಮನೆಯ ನೆಲವನ್ನೇ ಅಗೆದು ಹೋಗಿದ್ದರು.

* * *

ಗ್ರಾಹಕರ ಕೋರ್ಟಿನ ಮೊದಲ ತಾರೀಕಿನ ದಿನ ಚಿಕ್ಕಮಗಳೂರು ಬಸ್ಸು ತುಂಬಿಹೋಗಿತ್ತು. ಕಾಫಿ ಕುಯ್ಲಿನ ಕಾಲ. ಸಾಮಾನಿನ ಚೀಲ ಹಿಡಿದ ಆಳುಗಳು ಬಾಗಿಲವರೆಗೂ ನಿಂತಿದ್ದರು. ಭವ್ಯಾ ಕಂಬಿ ಹಿಡಿದು ಜೋತಾಡುತ್ತಿದ್ದಳು. ಬೆಳಗ್ಗೆ ಎಲ್ಲರಿಗೂ ತಿಂಡಿ ಮಾಡಿಟ್ಟು ಬಂದಿದ್ದಳು. ತಾನು ತಿನ್ನುವುದು ಮರೆತೇ ಹೋಗಿತ್ತು.

"ಇಲ್ಲಿ ಕೂತ್ಕೊಳ್ಳಿ."

ತಿರುಗಿ ನೋಡಿದರೆ... ಬಸವಪ್ರಸಾದ್! ಕಿಟಕಿ ಪಕ್ಕದ ಸೀಟಿನಿಂದ ಎದ್ದು ನಿಂತಿದ್ದ.

"ಬೇಡ. ನೀವು ಎದುರುದಾರರು" ಅಂದಳು.

"ಅದು ಕೋರ್ಟಿನೊಳಗೆ ಮೇಡಂ. ಇದು ಬಸ್ಸು."

ಕಾಲು ನೋಯುತ್ತಿತ್ತು. ಕೂತಳು. ಹಾಂದಿಯಲ್ಲಿ ಪಕ್ಕದವರು ಇಳಿದಾಗ ಅವನೂ ಕೂತ. ಇಬ್ಬರ ನಡುವೆ ಅವಳ ಬ್ಯಾಗಿತ್ತು, ಬ್ಯಾಗಿನಲ್ಲಿ ಅವನ ಬಿಲ್ಲಿತ್ತು.

ಚಿಕ್ಕಮಗಳೂರಿನ ಕೋರ್ಟಲ್ಲಿ ಅವತ್ತು ಕೇಸು ಕರೆಯಲೇ ಇಲ್ಲ. ಮುಂದಿನ ತಾರೀಕು ಕೊಟ್ಟರು.

ವಾಪಸ್ ಬರುವಾಗಲೂ ಅದೇ ಬಸ್ಸು. ಈ ಸಲ ಅವನು ಎರಡು ಬನ್ನು ತಂದು ಒಂದನ್ನು ಅವಳ ಮುಂದೆ ಹಿಡಿದ.

"ಲಂಚಾನಾ?" ಅಂತ ಕೇಳಿದಳು.

"ಬನ್ನಿಗೆ ಬೀಳೋ ಹಂಗಿದ್ರೆ ನೀವು ಇಲ್ಲೀವರೆಗೆ ಬರ್ತಾನೇ ಇರ್ಲಿಲ್ಲ."

ತಡೆಯಲಾಗದೆ ಭವ್ಯಾಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ... ಅವಳಿಗೇ ಆಶ್ಚರ್ಯವಾಯಿತು.

ಎರಡನೇ ತಾರೀಕಿಗೆ ಅವಳು ಬರುವ ಮೊದಲೇ ಪಕ್ಕದ ಸೀಟಿನಲ್ಲಿ ಅವನ ಟವೆಲ್ ಬಿದ್ದಿತ್ತು. ಅವಳು ಏನೂ ಕೇಳದೆ ಟವೆಲ್ ಎತ್ತಿ ಅವನ ಕೈಗೆ ಕೊಟ್ಟು ಕೂತಳು. ಆಲ್ದೂರು ದಾಟುವಾಗ, ಅದು ಹೇಗೆ ಬಾಯಿಗೆ ಬಂತೋ, ಗಂಡ ಹೇಳಿದ್ದ ಮಾತನ್ನು ಅವನಿಗೆ ಹೇಳಿಬಿಟ್ಟಳು.

"ನಿಜ ಇರ್ಬೋದು. ನಾನು ಜಗಳಗಂಟಿನೇ" ಅಂದು ಕಿಟಕಿ ಕಡೆ ಮುಖ ಮಾಡಿದಳು.

ಅವನು ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡ.

"ನಂಗೆ ಹಾಗೆ ಅನ್ಸಲ್ಲ. ನಿಮ್ಮ ಪರವಾಗಿ ಜಗಳ ಆಡೋಕೆ ಬೇರೆ ಯಾರೂ ಇರ್ಲಿಲ್ಲ, ಅಷ್ಟೇ."

ಭವ್ಯಾ ತಿರುಗಲಿಲ್ಲ. ತಿರುಗಿದ್ದರೆ ಕಣ್ಣು ತುಂಬಿದ್ದು ಅವನಿಗೆ ಕಾಣುತ್ತಿತ್ತು.

'ಇವನ ಮೇಲೆ ಕೇಸು ಹಾಕಿದ್ದೀನಿ... ಇವನ ಮುಂದೆ ಅಳೋದಾ? ಬೇಡಪ್ಪ...'

ಅವನೂ ಅವತ್ತು ತನ್ನ ಬಗ್ಗೆ ಹೇಳಿಕೊಂಡ. ತಾಯಿ ಶಾಂತಕುಮಾರಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಮಗ ಇಬ್ಬರೇ. ಅಪ್ಪ ಹೇಳಿದ್ದಕ್ಕೆ ಹೂಂ ಅನ್ನುವುದೇ ಅಭ್ಯಾಸವಾಗಿಹೋಗಿದೆ. ಅಪ್ಪ ಬೇಡ ಅಂದ ಸಂಬಂಧಗಳು ತಪ್ಪಿಹೋದವು, ಅಪ್ಪ ಬೇಕು ಅಂದದ್ದು ಇವನಿಗೆ ಹಿಡಿಸಲಿಲ್ಲ.

"ಎಲ್ಲಾದಕ್ಕೂ ಹೂಂ ಅಂದು ಅಂದು ಸುಸ್ತಾಗಿದೆ" ಅಂದ.

"ನಂಗೆ ಎಲ್ಲಾದಕ್ಕೂ ಊಹೂಂ ಅಂದು ಸುಸ್ತಾಗಿದೆ" ಅಂದಳು.

ಬಸ್ಸು ವಸ್ತಾರೆ ದಾಟಿ ಚಿಕ್ಕಮಗಳೂರಿನ ಕಡೆ ಹೊರಟಿತು. ಅವತ್ತು ಊರು ಬೇಗ ಬಂತು ಅಂತ ಅವಳಿಗೆ ಬೇಜಾರಾಯಿತು.

* * *

ಎರಡನೇ ತಾರೀಕಿಗೂ ಕೇಸು ಮುಂದಕ್ಕೆ ಹೋಗಿತ್ತು. ಮೂರನೇ ತಾರೀಕಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಓಂಕಾರಮೂರ್ತಿಯವರೇ ಮೆಸ್ಸಿಗೆ ಬಂದರು. ಮಧ್ಯಾಹ್ನದ ಗಲಾಟೆ ಮುಗಿದಿತ್ತು. ಅವರು ಕೂರಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಟೈಪ್ ಮಾಡಿಸಿದ ಕಾಗದವೊಂದನ್ನು ಟೇಬಲ್ ಮೇಲಿಟ್ಟರು.

"ನೋಡಮ್ಮ, ಬಿಲ್ಲು ಬಿಟ್ಟಿದ್ದೀವಿ. ನೀನು ದೂರು ವಾಪಸ್ ತಗೊಂಡೆ ಅಂತ ಇಲ್ಲಿ ಸೈನ್ ಹಾಕು."

"ತಪ್ಪು ನಿಮ್ದು ಅಂತ ಇದ್ರಲ್ಲಿ ಇದೆಯಾ?"

"ಅದೆಲ್ಲ ಎಂತಕ್ಕೆ? ನಮ್ಮ ಪ್ರಸಾದನೇ ಬಿಟ್ಟುಬಿಡೋಣ ಅಂದ. ಗಂಡ ಬಿಟ್ಟವಳು, ಪಾಪ, ಹೆಂಗೋ ಬದುಕ್ತಿದಾಳೆ... ನಮಗೂ ಗೊತ್ತಾಗುತ್ತಮ್ಮ ಕಷ್ಟ."

ಪಾಪ!

ಆ ಪದ ಅವಳ ಎದೆಗೆ ಬಂದು ಬಡಿಯಿತು. ಬಸ್ಸಿನಲ್ಲಿ, ಆಲ್ದೂರು ದಾಟುವಾಗ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದ್ದಳು. ಅದನ್ನು ಅವನು ಮನೆಗೆ ಹೋಗಿ ಅಪ್ಪನ ಮುಂದೆ ಸುರಿದನಾ? ಸೀಟು ಹಿಡಿದದ್ದು, ಬನ್ನು ಕೊಟ್ಟದ್ದು, ಆ ಮೆತ್ತಗಿನ ಮಾತು... ಎಲ್ಲ ಈ ಸೈನಿಗಾ?!

"ಕಾಗದ ತಗೊಂಡು ಹೋಗಿ. ನಾನು ಪಾಪದವಳಲ್ಲ."

ಅವರು ಹೋದ ಮೇಲೆ ಅಡುಗೆಮನೆಗೆ ಬಂದು ಕೂತಳು. ಅಗೆದ ಜಾಗಕ್ಕೆ ಸಿಮೆಂಟು ಮೆತ್ತಿ ಹೋಗಿದ್ದರು. ಟೈಲ್ಸ್ ಹಾಕಿರಲಿಲ್ಲ. ಹುಚ್ಚಮ್ಮ ಮೆಲ್ಲಗೆ ಬಂದು ಮಗಳ ತಲೆ ನೇವರಿಸಿದಳು.

"ಸಾಕು ಬಿಡು ಮಗಾ. ಸೈನ್ ಹಾಕಿ ಕೈ ತೊಳ್ಕಾ. ಇನ್ನೆಷ್ಟು ಓಡಾಡ್ತಿ?"

"ಬಿಲ್ಲಿಗಲ್ಲ ಕಣಮ್ಮ..."

ಯಾವುದಕ್ಕೆ ಅಳು ಬರುತ್ತಿದೆ ಅಂತ ಅಮ್ಮನಿಗೆ ಹೇಗೆ ಹೇಳುವುದು?

* * *

ಮೂರನೇ ತಾರೀಕಿನ ದಿನ ಟವೆಲ್ ಹಾಸಿದ್ದ ಸೀಟನ್ನು ದಾಟಿ ಹೋಗಿ ಭವ್ಯಾ ಹಿಂದೆ ನಿಂತಳು. ಬಸವಪ್ರಸಾದ್ ಎದ್ದು ಬಂದ.

"ಏನಾಯ್ತು?"

"ಪಾಪದವಳ ಜೊತೆ ಕೂತ್ರೆ ನಿಮ್ಮ ಮರ್ಯಾದೆ ಎಂತಾಗ್ಬೇಡ?"

"ಎಂತ ಮಾತಾಡ್ತಿದ್ದೀರಿ?"

"ನಾನು ನಂಬಿ ಹೇಳಿದ್ದು, ಪ್ರಸಾದ್ ಅವ್ರೇ. ನಿಮ್ಮಪ್ಪನಿಗೆ ಹೇಳ್ಲಿ ಅಂತ ಅಲ್ಲ. ಕಾಗದ ಕಳಿಸೋ ಬದ್ಲು ನೀವೇ ಬಂದಿದ್ರೆ ಮುಖಕ್ಕೆ ಹೇಳ್ತಿದ್ದೆ."

ಅವನ ಮುಖ ಬಿಳಿಚಿಕೊಂಡಿತು. "ಕಾಗದಾನಾ? ಯಾವ ಕಾಗದ?" ಅಂದ. ಅವಳು ಕಂಬಿ ಹಿಡಿದು ಆಚೆ ತಿರುಗಿದಳು. ಬಸ್ಸಿನ ಜನ ನೋಡುತ್ತಿದ್ದರು. ಅವನು ಹೋಗಿ ತನ್ನ ಸೀಟಿನಲ್ಲಿ ಕೂತ. ಪಕ್ಕದ ಜಾಗ ಚಿಕ್ಕಮಗಳೂರಿನವರೆಗೂ ಖಾಲಿಯೇ ಇತ್ತು. ಯಾರು ಕೇಳಿದರೂ "ಜನ ಇದ್ದಾರೆ" ಅನ್ನುತ್ತಿದ್ದ.

ಅವತ್ತು ಕೇಸು ಕರೆದರು.

ಅಂಗಡಿ ಪರವಾಗಿ ಏನು ಹೇಳುತ್ತೀರಿ ಅಂತ ಕೋರ್ಟಿನ ಅಧ್ಯಕ್ಷರು ಕೇಳಿದಾಗ ಬಸವಪ್ರಸಾದ್ ಎದ್ದು ನಿಂತ. ಓಂಕಾರಮೂರ್ತಿಯವರೂ ಕಾರಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ಕೆಮ್ಮಿದರು.

ಈ ಸಲ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ.

"ತಪ್ಪು ನಮ್ದು ಸಾರ್. ನಾನು ಅವ್ರ ಮನೆಗೆ ಹೋಗಿ ನೋಡಿರ್ಲಿಲ್ಲ. ಫೋನಲ್ಲೇ ಅಡುಗೆಮನೆ ನೆಲ ತೆಗೀರಿ ಅಂತ ಹುಡುಗರಿಗೆ ಹೇಳ್ದೆ. ಹೋಗಿ ನೋಡಿದ್ರೆ ಬಚ್ಚಲ ಗೋಡೆ ತೇವ ಯಾರಿಗಾದ್ರೂ ಕಾಣ್ತಿತ್ತು. ನೆಲದ ಬಿಲ್ಲು ವಾಪಸ್ ತಗೊಳ್ತೀವಿ. ನೆಲ ಸರಿ ಮಾಡಿ ಕೊಡ್ತೀವಿ. ಅವ್ರು ಬಂದು ಕೇಳಿದ ದಿನಾನೇ ನಾನು ಇದನ್ನ ಹೇಳ್ಬೇಕಿತ್ತು."

ಓಂಕಾರಮೂರ್ತಿ ಧಡಕ್ಕನೆ ಎದ್ದು ಹೊರಟುಹೋದರು.

ಇದೊಂದು ಮಾತಿಗಾಗಿ ಭವ್ಯಾ ಇಷ್ಟು ದಿನ ಅಲೆದಿದ್ದಳು. ಗೆದ್ದಿದ್ದಳು. ಆದರೂ ಮಡಚಿದ ಬಿಲ್ಲನ್ನು ಕೈಯಲ್ಲಿ ಹಿಡಿದು ಕೂತೇ ಇದ್ದಳು. ಹೊರಗೆ ಬಂದಾಗ ಅವನು ಮೆಟ್ಟಿಲ ಹತ್ತಿರ ಕಾದಿದ್ದ.

"ಒಂದು ಮಾತು ಹೇಳಿ ಹೋಗ್ತೀನಿ. ಬಿಲ್ಲು ಬಿಟ್ಟುಬಿಡೋಣ, ತಪ್ಪು ನಮ್ದು ಅಂತ ಅಪ್ಪನಿಗೆ ಹೇಳಿದ್ದು ನಿಜ. ಪಾಪ ಅಂತ ಹೇಳಿಲ್ಲ. ನಿಮ್ಮ ಮನೆ ವಿಷಯ ಊರಿಗೇ ಗೊತ್ತು, ಅಪ್ಪನಿಗೂ ಗೊತ್ತಿತ್ತು. ಬಸ್ಸಲ್ಲಿ ಹೇಳಿದ್ದು ನನ್ನ ಹತ್ರಾನೇ ಇದೆ."

ಅಷ್ಟು ಹೇಳಿ ಅವನು ಜನರ ನಡುವೆ ಇಳಿದುಹೋದ. ಕರೆಯಬೇಕು ಅಂತ ಅವಳಿಗೆ ಅನಿಸಿತು. ಅಷ್ಟರಲ್ಲಿ ಅವನು ರಸ್ತೆ ದಾಟಿದ್ದ.

* * *

ನೆಲ ಸರಿ ಮಾಡಲು ಹುಡುಗರು ಬಂದರು. ಟೈಲ್ಸ್ ಹಾಕಿದರು, ಹೋದರು. ಅವನು ಬರಲಿಲ್ಲ.

ತೋಟಗಳಲ್ಲಿ ಕಾಫಿ ಹೂವು ಬಿಟ್ಟು ಊರೆಲ್ಲ ಘಮ್ಮೆನ್ನುತ್ತಿತ್ತು. ಭವ್ಯಾ ಅಕ್ಕಿ ತೊಳೆಯುತ್ತಿದ್ದಳು, ಬಡಿಸುತ್ತಿದ್ದಳು, ಪಾತ್ರೆ ಎತ್ತುತ್ತಿದ್ದಳು. ಇನ್ನು ಯಾವ ತಾರೀಕೂ ಇರಲಿಲ್ಲ. ಚಿಕ್ಕಮಗಳೂರು ಬಸ್ಸಿನ ಹಾರ್ನ್ ಕೇಳಿದಾಗ ಮಾತ್ರ ಸೌಟು ಹಿಡಿದ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

'ನಾನೇ ಹೋಗಿ ಮಾತಾಡ್ಲಾ? ಆ ಅಂಗಡಿಗೆ ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ಲಿ?'

ಒಂದು ಮಧ್ಯಾಹ್ನ, ಊಟದವರೆಲ್ಲ ಎದ್ದುಹೋಗುವ ಹೊತ್ತಿಗೆ ಬಸವಪ್ರಸಾದ್ ಬಂದ. ಮೂಲೆಯ ಟೇಬಲ್ಲಿನಲ್ಲಿ ಕೂತು ಎಲ್ಲರಂತೆ ಊಟ ಕೇಳಿದ. ಅವಳು ಬಡಿಸಿದಳು. ಅವನು ತಲೆ ಎತ್ತದೆ ಪೂರ್ತಿ ಉಂಡ. ಹುಚ್ಚಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಬಟ್ಟೆ ಒಣಗಿಸುವ ನೆವದಲ್ಲಿ ಹಿತ್ತಲಿಗೆ ಹೋದಳು.

ಕೈ ತೊಳೆದು ಬಂದು ಅವನು ನಿಂತ.

"ನೆಲ ಸರಿ ಆಯ್ತಾ?"

"ಆಯ್ತು. ನೀವು ಬಂದು ನೋಡ್ತೀರಿ ಅಂದ್ಕೊಂಡಿದ್ದೆ."

"ಕೋಪ ಇದೆ ಅಂದ್ಕೊಂಡೆ."

"ಇತ್ತು... ನನ್ನ ಮೇಲೇ. ಕೇಳದೆ ಅಂದುಬಿಟ್ಟೆ ನಿಮ್ಮನ್ನ. ಎಲ್ಲರನ್ನೂ ಕೇಳೋಳು ನಿಮ್ಮನ್ನೇ ಕೇಳ್ಲಿಲ್ಲ."

ಅವನು ಉಸಿರೆಳೆದುಕೊಂಡ.

"ಭವ್ಯಾ ಅವ್ರೇ, ಅಪ್ಪನ ಹತ್ರ ಮಾತಾಡಿ ಬಂದಿದ್ದೀನಿ. ನೀವಂದ್ರೆ ನಂಗೆ ಇಷ್ಟ ಅಂತ ಹೇಳ್ದೆ. ಅವ್ರು ಒಪ್ಪಿಲ್ಲ. ನಮ್ಮವರಲ್ಲ, ಮದ್ವೆ ಆಗಿ ಬಿಟ್ಟವಳು... ಇನ್ನೂ ಏನೇನೋ ಅಂದ್ರು. ಮನೆಗೆ ಸೊಸೆಯಾಗಿ ಬರೋಕೆ ಬಿಡಲ್ಲ ಅಂದ್ರು. ಹಾಗಾದ್ರೆ ನಾನು ಬೇರೆ ಮನೆ ಮಾಡ್ತೀನಿ ಅಂದೆ. ಮೊದಲು ನಿಮ್ಮನ್ನ ಕೇಳ್ಬೇಕಲ್ವಾ... ಕೇಳೋಕೆ ಬಂದೆ."

ಭವ್ಯಾ ಬೆಂಚಿನ ಮೇಲೆ ಕೂತಳು. ಎಷ್ಟೋ ವರ್ಷದ ದಣಿವು ಒಟ್ಟಿಗೇ ಮೈಮೇಲೆ ಬಂದಂತಿತ್ತು.

"ನಂಗೆ ತುಂಬಾ ಸುಸ್ತಾಗಿದೆ ಪ್ರಸಾದ್. ನಿಮ್ಮಪ್ಪನ ಜೊತೆ, ಊರಿನವರ ಜೊತೆ ಇನ್ನೊಂದು ಜಗಳ ಮಾಡೋ ಶಕ್ತಿ ನನ್ನಲ್ಲಿಲ್ಲ."

"ಅದನ್ನ ನಾನು ಮಾಡ್ತೀನಿ. ನೀವು ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತುಕೋ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಊಟ ಆಗಿದೆಯಾ ನಿಮ್ದು?" ಅವನು ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವನು ಅಡುಗೆಮನೆಗೆ ಹೋದ. ಒಳಗೆ ಪಾತ್ರೆ ತಡಕಾಡುವ ಸದ್ದು, ಮುಚ್ಚಳ ಬಿದ್ದ ಸದ್ದು ಕೇಳಿತು. ಕೊನೆಗೆ ತಟ್ಟೆಯಲ್ಲಿ ಅನ್ನ, ಬೀನ್ಸ್ ಪಲ್ಯ, ಸಾರು ಹಾಕಿಕೊಂಡು ತಂದು ಅವಳ ಮುಂದಿಟ್ಟ. ಸಾರು ತಟ್ಟೆಯಂಚಿನಿಂದ ಟೇಬಲ್ ಮೇಲೆ ಹರಿಯಿತು. ಅವಳು ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದಳು.

"ಎರಡನೇ ಸಲ ಇಟ್ಟ ಸಾರಿಗೆ ಉಪ್ಪೇ ಹಾಕಿಲ್ಲ ನಾನು! ನೀವು ಹೆಂಗೆ ಉಂಡ್ರಿ?"

"ಗೊತ್ತಾಯ್ತು. ಹೇಳೋದು ಬೇಡ ಅನ್ನಿಸ್ತು."

"ಹೇಳ್ಬೇಕು ಮಾರಾಯ್ರೆ..."

ಅವಳು ಉಪ್ಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಎದುರಿನ ಬೆಂಚನ್ನು ಕಣ್ಣಲ್ಲೇ ತೋರಿಸಿದಳು. ಅವನು ಕೂತ.

"ಇನ್ಮೇಲೆ ಹೇಳ್ಬೇಕು."

"ಇನ್ಮೇಲೆ..." ಅವನು ಮುಂದಕ್ಕೆ ಬಾಗಿದ. "ಅಂದ್ರೆ?"

"ಇನ್ಮೇಲೆ ಅಂದ್ರೆ ಇನ್ಮೇಲೆ" ಅಂದಳು ಭವ್ಯಾ. "ದಿನಾ."