ಮೂರು ಕಣ್ಣಿಗೆ ಮೂರು ಮೊಳೆ

"ಹೆಸ್ರು ಹೇಳಿ ತೆಂಗಿನಕಾಯಿಗೆ ಮೊಳೆ ಹೊಡೆದ್ರೆ ಆ ಹೆಸ್ರಿನವ್ರ ತಲೆ ಒಡೀತದೆ. ಆದ್ರೆ ಆ ಕಾಯಿ ಸಮುದ್ರಕ್ಕೆ ಹಾಕೂಕಾಗ ತಂಗಿ," ಎಂದಳು ಮೀನು ಮಾರುವ ಗಂಗೂ ಆಯಿ. "ಸಮುದ್ರ ಇಟ್ಕಳ್ಳೂದಿಲ್ಲ. ತಿರುಗಿ ಕೊಡ್ತದೆ. ಆಮೇಲೆ ಒಡೆದವ್ರ ತಲೆಗೇ ಅದು."

ಮಾನಸಾ ನಕ್ಕಳು. ಧಾರವಾಡದವಳು, ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸು. ಅಂಕೋಲೆಯ ಈ ಮೀನುಗಾರರ ಮನೆಗೆ ಸೊಸೆಯಾಗಿ ಬಂದು ಎಂಟು ತಿಂಗಳಾಗಿತ್ತು.

"ಮೊಳಿಯಿಂದ ಯಾರ ತಲಿನೂ ಒಡಿಯೂದಿಲ್ಲ ಆಯಿ. ಬಿದ್ದು ಪೆಟ್ಟಾದ್ರ ಬುರುಡಿ ಕೆಳಗ ರಕ್ತ ಕಟ್ತದ. ಬಿಪಿ ಏರಿದ್ರ ಮಿದುಳಿನೊಳಗ ನಾಳ ಒಡೀತದ. ಕೆಲವ್ರಿಗೆ ಹುಟ್ಟಿನಿಂದನ ನಾಳ ಉಬ್ಬಿರ್ತದ, ಒಂದಿನ ಒಡೀತದ. ಅಷ್ಟ."

ನಂಬಿಕೆಯಿರಲಿಲ್ಲ, ನಿಜ. ಹೊಟ್ಟೆಯುರಿ ಇತ್ತು. ಬಂಗಡೆ ಸಾರು ಮಾಡಿದರೆ ಗಂಡ ಕಿಶನ "ವೈನಿ ಮಾಡಿದಂಗಿಲ್ಲ" ಎನ್ನುತ್ತಿದ್ದ. ಜ್ವರದಲ್ಲಿ ಕನವರಿಸಿದರೂ ವೈನಿ. ತಾಯಿಯಿಲ್ಲದ ಅವನನ್ನು ಸಾಕಿದವಳು ಈ ವೈನಿಯೇ, ಅತ್ತಿಗೆ ವೈಜಯಂತಿ, ಅಣ್ಣನ ಹೆಂಡತಿ. ಅದರಾಚೆ ಏನೂ ಇಲ್ಲವೆಂದು ಮಾನಸಾಳಿಗೆ ಗೊತ್ತಿತ್ತು. ಗೊತ್ತಿದ್ದರೂ ಉರಿಯುತ್ತಿತ್ತು.

ಒಣಮೀನಿನ ವಾಸನೆಯ ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತೆಂಗಿನಕಾಯಿಯ ಜುಟ್ಟು ಸರಿಸಿ, ಮೂರು ಕಣ್ಣಿಗೆ ಮೂರು ಮೊಳೆ ಹೊಡೆದಳು. ಒಂದೊಂದಕ್ಕೂ ವೈಜಯಂತಿಯ ಹೆಸರು. ಜುಟ್ಟು ಮತ್ತೆ ಮುಚ್ಚಿದಳು. ಮನಸ್ಸು ಹಗುರವಾಯಿತು.

ನೂಲಹುಣ್ಣಿಮೆಯ ಸಂಜೆ ಕೇರಿಯವರೆಲ್ಲ ಸಮುದ್ರಕ್ಕೆ ಕಾಯಿ ಕೊಟ್ಟರು. ಮಾನಸಾಳೂ ಮೊಳೆ ಹೊಡೆದ ಆ ಕಾಯನ್ನೇ ಎಸೆದಳು. ಅವಳ ಊರಿನಲ್ಲಿ ಹೊಳೆಗೆ ಬಿಟ್ಟದ್ದು ಹೋಯಿತೆಂದೇ ಲೆಕ್ಕ. ಇಲ್ಲಿ ಗಂಡಸರು ಧುಮುಕಿ ಕಾಯಿ ಹಿಡಿದು ತರುತ್ತಾರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಕಿಶನ ತೊಯ್ದ ಮೈಯಲ್ಲಿ ನಗುತ್ತ ಬಂದ. "ನೋಡು, ನೀ ಬಿಟ್ಟ ಕಾಯೇ ಸಿಕ್ತು."

ಕೂಗಬೇಕಿತ್ತು. ಬಾಯಿ ತೆರೆದರೆ ಯಾರ ಹೆಸರಿಗೆ ಎಂದೂ ಹೇಳಬೇಕಿತ್ತು.

ಬಂಡೆಗೆ ಕುಕ್ಕಿ ಒಡೆದ. ಹೋಳನ್ನು ಬಾಯಿಗೆತ್ತಿದ. ಗದ್ದದ ಮೇಲೆ ಇಳಿದ ನೀರು ಕೆಂಪಗಿತ್ತು. ಐಸಿಯುವಿನ ವಾಸನೆ. ಹಸಿ ರಕ್ತದ್ದೇ ವಾಸನೆ.

"ತಲೆ..." ಎಂದ. ಎರಡೂ ಕೈಯಲ್ಲಿ ಹಿಡಿದುಕೊಂಡ. ವಾಂತಿ. ಬಲಗೈ ಜೋತಿತು. ಬಾಯಿ ಓರೆಯಾಯಿತು. ಎಡಗಣ್ಣಿನ ಪಾಪೆ ಅಗಲವಾಗುತ್ತ ಹೋಯಿತು. ಮಾನಸಾಳಿಗೆ ಪ್ರತಿಯೊಂದರ ಅರ್ಥವೂ ಗೊತ್ತಿತ್ತು.

ಗೋವಾದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಬಿದ್ದಿದ್ದನೇ? ಇಲ್ಲ. ಬಿಪಿ? ಇಲ್ಲ. "ಹಾಗಾದರೆ ಹುಟ್ಟಿನಿಂದಲೇ ನಾಳ ಉಬ್ಬಿದ್ದಿರಬೇಕು," ಎಂದು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತಡೆದರು. "ಆದರೆ ಮೂರು ಕಡೆ ಯಾಕೆ ಒಡೆದಿದೆಯೋ ತಿಳಿಯುತ್ತಿಲ್ಲ."

ಇಪ್ಪತ್ತು ದಿನಕ್ಕೆ ಕಣ್ಣುಬಿಟ್ಟ. ಮಾತಿನ ಭಾಗ ಹೋಗಿದೆ, ಒಂದೆರಡು ಶಬ್ದ ಉಳಿದರೆ ಅದೇ ಪುಣ್ಯ ಎಂದಿದ್ದರು. ಗಂಜಿಯ ಚಮಚ ಹಿಡಿದು ಮಾನಸಾ ಬಾಗಿದಳು. ಬಾಗಿಲಲ್ಲಿ ವೈಜಯಂತಿ ಸೆರಗು ಬಾಯಿಗೊತ್ತಿ ನಿಂತಿದ್ದಳು.

"ನಾ ಯಾರು, ಹೇಳ್ರಿ," ಎಂದಳು ಮಾನಸಾ.

ಅವನು ಹೆಂಡತಿಯ ಮುಖವನ್ನೇ ಬಹಳ ಹೊತ್ತು ನೋಡಿದ. ಓರೆ ತುಟಿ ಅಲುಗಿತು.

"ವೈನಿ."

ಅದೊಂದೇ ಉಳಿದಿತ್ತು. ಹಸಿವಾದರೂ ವೈನಿ, ನೋವಾದರೂ ವೈನಿ. ಮಾನಸಾಳನ್ನು ಕರೆಯಬೇಕಾದರೂ ವೈನಿ.