ನೀಲಿ ತಾಗದ ಬೆನ್ನು

ಲಾಂಡ್ರಿಯ ಯಜಮಾನ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದಾಗ ಅವನ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ಗುಬ್ಬಿ ಅದನ್ನು ಕಂಡಳು, ಹೇಳಲಿಲ್ಲ. ನಾಲ್ಕು ಜನರೆದುರು ಅವಳ ನಾಲಿಗೆ ಏಳುತ್ತಿರಲಿಲ್ಲ. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಲಾಂಡ್ರಿಯ ಮೇಲಿನ ಆ ಮನೆ ಅವಳ ದೊಡ್ಡಮ್ಮನದು. ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ದೊಡ್ಡಮ್ಮನ ಬಾಗಿಲಿಗೆ ಬೀದಿಯ ಕಗ್ಗಂಟುಗಳೆಲ್ಲ ತಾವಾಗಿಯೇ ನಡೆದುಬರುತ್ತಿದ್ದವು.

"ಇನ್ಸ್‌ಪೆಕ್ಟರಮ್ಮ, ಅಮ್ಮನ ಬೆನ್ನು ಮುರಿದಿದ್ದು ನನ್ನ ಹೆಂಡ್ತಿನೇ ಅಂತಾಳೆ ನನ್ನ ತಂಗಿ. ಪೊಲೀಸರು ಬಂದು ನೋಡೋವರೆಗೆ ಡಾಕ್ಟರಿಗೂ ಬೆನ್ನು ಮುಟ್ಟಕ್ಕೆ ಬಿಡಲ್ವಂತೆ. ಅಮ್ಮ ಆಸ್ಪತ್ರೇಲಿ ನರಳ್ತಿದಾಳೆ."

ಬೆಳಿಗ್ಗೆ ಇಸ್ತ್ರಿ ಬಟ್ಟೆಗೆಂದು ಬಂದ ತಂಗಿ ಒಗೆಯುವ ಕೋಣೆಗೆ ಇಣುಕಿದಳಂತೆ. ಅಮ್ಮ ತೊಟ್ಟಿಯ ಅಂಚು ಹಿಡಿದು, ನೆಟ್ಟಗಾಗಲಾರದೆ ಬಾಗಿ ನಿಂತಿದ್ದಳು. ಸೊಸೆಯ ಎರಡೂ ಕೈ ಅವಳ ಭುಜದ ಮೇಲಿದ್ದವು. ನರಳಾಟ ಕೇಳಿ ಓಡಿಬಂದೆ ಎಂದಳು ಸೊಸೆ. ಜಾರಿಬಿದ್ದೆ ಎಂದಳು ಅಮ್ಮ. ಮನೆ ಮರ್ಯಾದೆಗೆ ಮುಚ್ಚಿಡುತ್ತಿದ್ದಾಳೆ ಎಂದು ಮಗಳು ಹಟ ಹಿಡಿದಳು. ಹಿಂದಿನ ಸಂಜೆಯಷ್ಟೇ, "ಇನ್ಮೇಲೆ ತೊಟ್ಟಿ ಹತ್ರ ಕಾಲಿಟ್ರೆ ನಾನು ಸುಮ್ನಿರಲ್ಲ ಅತ್ತೆ" ಎಂದು ಸೊಸೆ ಗದರಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಆಸ್ಪತ್ರೆಯಲ್ಲಂತೂ ಉರಿಯುವ ಬೆಂಕಿಗೆ ತುಪ್ಪ ಬಿತ್ತು. ಎಕ್ಸ್‌ರೇ ಕೋಣೆಯಲ್ಲಿ ಅತ್ತೆಯ ಕೈ ಹಿಡಿದು ನಿಲ್ಲು ಎಂದರೆ ಸೊಸೆ ಹೊರಗೆ ಓಡಿಬಿಟ್ಟಳು.

ದೊಡ್ಡಮ್ಮ ಗುಬ್ಬಿಯೊಂದಿಗೆ ಮೊದಲು ಹೋದದ್ದು ಕೆಳಗಿನ ಒಗೆಯುವ ಕೋಣೆಗೆ. ಬಿಳಿ ಬಟ್ಟೆ ಅದ್ದುವ ನೀಲಿಯ ನೀರು ಅಲ್ಲಿ ಯಾವತ್ತಿನಂತೆ ನೆಲದ ತುಂಬ ನಿಂತಿತ್ತು. ಇಬ್ಬರ ಚಪ್ಪಲಿಯ ಅಂಚಿಗೂ ನೀಲಿ ಹತ್ತಿತು. ತೊಟ್ಟಿಯಲ್ಲಿ ಹೋಟೆಲಿನ ಮಂಚದ ಹಾಸುಗಳು ಅರ್ಧಂಬರ್ಧ ಉಳಿದಿದ್ದವು. ಹಿತ್ತಲಿನಲ್ಲಿ ಎರಡು ಹಗ್ಗ, ಒಂದು ಎತ್ತರಕ್ಕೆ, ಒಂದು ತಗ್ಗಿಗೆ. ಗುಬ್ಬಿ ದೊಡ್ಡಮ್ಮನ ತೋಳು ಜಗ್ಗಿ ತಗ್ಗಿನ ಹಗ್ಗ ತೋರಿಸಿದಳು. ಅದರ ಮೇಲಿನ ಮೂರು ಹಾಸುಗಳ ಅಂಚು ನೆಲ ಗುಡಿಸುತ್ತಿತ್ತು.

"ಇದು ಲಾಂಡ್ರಿ ಅಜ್ಜಿ ಕರವಸ್ತ್ರ ಒಣಹಾಕೋ ಹಗ್ಗ ಅಲ್ವೇನೇ?"

ಗುಬ್ಬಿ ಹೌದೆಂದು ತಲೆಯಾಡಿಸಿದಳು. ಸೊಸೆ ಮೇಲಿನ ಹಗ್ಗ ಎಟಕುವಷ್ಟು ಎತ್ತರದವಳು. ಹಾಸುಗಳನ್ನು ಅವಳು ಯಾವತ್ತೂ ಮೇಲಿನದಕ್ಕೇ ಹಾಕುತ್ತಿದ್ದಳು.

ಆಸ್ಪತ್ರೆಯಲ್ಲಿ ಮಗಳು, ಸಾಕ್ಷಿ ಎಂದು ಅಮ್ಮನ ನಿಲುವಂಗಿಯನ್ನು ಚೀಲದಲ್ಲಿಟ್ಟುಕೊಂಡಿದ್ದಳು. ದೊಡ್ಡಮ್ಮ ಅದನ್ನು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ, ಮಡಚಿಟ್ಟರು. ಆಮೇಲೆ ಡಾಕ್ಟರನ್ನೂ ಸೇರಿಸಿ ಎಲ್ಲರನ್ನೂ ಅಜ್ಜಿಯ ಮಂಚದ ಸುತ್ತ ಕರೆದರು. ಸೊಸೆಯ ಕಿವಿಯಲ್ಲಿ ಏನನ್ನೋ ಕೇಳಿದರು. ಅವಳು ಅತ್ತೆಯ ಮುಖ ನೋಡಿ, ತಡೆದು, ಹೂಂ ಎಂದಳು.

"ನೋಡಮ್ಮ," ಎಂದು ಮಗಳ ಕಡೆ ತಿರುಗಿದರು. "ತಳ್ಳಿದ್ರೂ ಅಷ್ಟೇ, ಜಾರಿದ್ರೂ ಅಷ್ಟೇ, ಆ ನೆಲದ ಮೇಲೆ ಬಿದ್ದವರ ಬೆನ್ನಿಗೋ ಮೊಣಕಾಲಿಗೋ ನೀಲಿ ಹತ್ಲೇಬೇಕು. ಈ ಅಂಗೀಲಿ ಆ ಎರಡೂ ಜಾಗದಲ್ಲಿ ಒಂದು ಚುಕ್ಕೆ ಇಲ್ಲ. ಕಲೆ ಇರೋದು ಎದೆಗೆ, ಹೊಟ್ಟೆಗೆ. ನಿಮ್ಮಮ್ಮ ಬೀಳ್ಲೇ ಇಲ್ಲ. ಒದ್ದೆ ಹಾಸಿನ ಗಂಟನ್ನ ತಬ್ಬಿ ಎತ್ತಿದ್ರು."

"ಅಷ್ಟಕ್ಕೇ ಬೆನ್ನು ಮುರಿಯತ್ತಾ?"

ಉತ್ತರ ಕೊಟ್ಟದ್ದು ಡಾಕ್ಟರ್. ಮೂಳೆ ಸವೆದು ಒಳಗೆಲ್ಲ ಟೊಳ್ಳಾದವರಿಗೆ ಬಗ್ಗಿ ಭಾರ ಎತ್ತಿದರೂ ಸಾಕು ಎಂದರು. ಮುರಿದದ್ದರ ಕೆಳಗೆ ಬೆನ್ನಿನ ಇನ್ನೂ ಎರಡು ಮೂಳೆ ಹಿಂದೆಂದೋ ಕುಸಿದು ಕೂಡಿಕೊಂಡಿದ್ದವಂತೆ, ಸೊಸೆ ಈ ಮನೆಗೆ ಬರುವ ಮೊದಲೇ. ಅಜ್ಜಿ ಗಿಡ್ಡಗಾಗುತ್ತ ಬಂದದ್ದು ಅದಕ್ಕೇ.

"ಮೂರು ಹಾಸು ಕೈಗೆಟಕೋ ಹಗ್ಗಕ್ಕೆ ಹಾಕಿ, ನಾಲ್ಕನೇದಕ್ಕೆ ಬಗ್ಗಿದಾರೆ," ಎಂದರು ದೊಡ್ಡಮ್ಮ. "ಸೊಸೆ ಗದರಿದ್ದು ಇದನ್ನ ಮಾಡ್ಬೇಡಿ ಅಂತಲೇ. ಇನ್ನು ಎಕ್ಸ್‌ರೇ ಕೋಣೆಯಿಂದ ಹೆಣ್ಣುಮಕ್ಕಳು ಯಾವಾಗ ಓಡ್ತಾರೆ, ನೀನೇ ಹೇಳು. ನೀನೂ ಎರಡು ಹೆತ್ತವಳು."

ಮಗಳ ನೋಟ ಅತ್ತಿಗೆಯ ಹೊಟ್ಟೆಯ ಮೇಲೆ ಬಿತ್ತು. ಲಾಂಡ್ರಿಯ ಯಜಮಾನ ಹೆಂಡತಿಯನ್ನೇ ನೋಡುತ್ತಿದ್ದ.

"ಹೋದ್ಸಲ ಬಸಿರು ನಿಲ್ಲಲಿಲ್ಲ," ಎಂದಳು ಸೊಸೆ ಮೆಲ್ಲಗೆ. "ಅದಕ್ಕೇ ಗಟ್ಟಿಯಾಗೋವರೆಗೆ ಯಾರಿಗೂ ಹೇಳ್ಬೇಡಿ ಅಂತ ಅತ್ತೆ ಹತ್ರ ಮಾತು ತಗೊಂಡಿದ್ದೆ."

"ನೀನು ಭಾರ ಎತ್ತೋ ಹಾಗಿಲ್ಲ, ಹೋಟೆಲಿನವರು ಕಾಯಲ್ಲ," ಎಂದಳು ಅಜ್ಜಿ, ಹಲ್ಲು ಕಚ್ಚಿಕೊಂಡು. "ಯಾಕೆ ಎತ್ತಿದೆ ಅಂತ ಕೇಳಿದ್ರೆ ಎಲ್ಲ ಹೊರಗೆ ಬರ್ತಿತ್ತು. ಜಾರಿದೆ ಅಂದೆ."

ಮಗಳು ಯಾರ ಮುಖವನ್ನೂ ನೋಡದೆ ಡಾಕ್ಟರನ್ನು ಕೇಳಿದಳು: "ಕೊಯ್ಯೋದು ಎಷ್ಟು ದೊಡ್ಡದು?"

ಕೊಯ್ಯುವುದೇ ಇಲ್ಲ ಎಂದರು ಡಾಕ್ಟರ್. ಬೋರಲು ಮಲಗಿಸಿ, ಪರದೆಯ ಮೇಲೆ ನೋಡುತ್ತ ಮೂಳೆಯೊಳಕ್ಕೆ ಸೂಜಿ ತೂರಿಸುವುದು. ಪುಟ್ಟ ಬಲೂನು ಉಬ್ಬಿಸಿ ಕುಸಿದದ್ದನ್ನು ಆದಷ್ಟು ಎತ್ತುವುದು. ಆ ಪೊಳ್ಳಿಗೆ ಮೂಳೆಯ ಸಿಮೆಂಟು ತುಂಬುವುದು. ಆದರೆ ಇದು ತೀರಾ ಕುಸಿದ ಮೂಳೆ; ಅದರ ಹಿಂದಿನ ಗೋಡೆ ಮಾತ್ರ ನಿಂತಿದೆ. ತಡವಾಗಿ ಅದೂ ಜರುಗಿದರೆ ನರಕ್ಕೆ ಒತ್ತು ಬಿದ್ದು ಕಾಲಿನ ಶಕ್ತಿ ಹೋಗಬಹುದು.

"ಹಾಗಾದ್ರೆ ನಾನು ಹಟ ಹಿಡಿದಷ್ಟು ಹೊತ್ತೂ..." ಮಗಳು ಮಂಚ ಸುತ್ತಿ ಬಂದಳು. ಅವಳು ಅತ್ತಿಗೆಯ ಕೈ ಹಿಡಿದುಕೊಂಡಳು. ಅತ್ತಿಗೆ ಬಿಡಿಸಿಕೊಳ್ಳಲಿಲ್ಲ.

ಕೆಲವೇ ದಿನಗಳಲ್ಲಿ ಅಜ್ಜಿ ಬೆನ್ನಿಗೆ ಎರಡು ಸಣ್ಣ ಪಟ್ಟಿ ಅಂಟಿಸಿಕೊಂಡು, ಕೋಲೂರಿ, ತನ್ನ ಕಾಲ ಮೇಲೇ ಹಿತ್ತಲಿಗೆ ಬಂದಳು. ಸೊಸೆ ಕುರ್ಚಿ ಹಾಕಿಕೊಟ್ಟು ಪಕ್ಕದಲ್ಲಿ ಕೂತಳು. ಒದ್ದೆ ಹಾಸಿನ ಒಂದು ತುದಿ ಮಗಳ ಕೈಲಿ, ಇನ್ನೊಂದು ಗುಬ್ಬಿಯ ಕೈಲಿ. ಇಬ್ಬರೂ ಎದುರುಬದುರು ತಿರುಚಿದಾಗ ನೀಲಿ ನೀರು ಧಾರೆಯಾಗಿ ಸುರಿಯಿತು.

"ಮೇಲಿನ ಹಗ್ಗಕ್ಕೆ ಹಾಕ್ರೇ," ಎಂದಳು ಅಜ್ಜಿ. "ನನ್ನ ಹಗ್ಗ ಖಾಲಿ ಇರ್ಲಿ. ಸಣ್ಣ ಸಣ್ಣ ಬಟ್ಟೆ ಬರೋದಿದೆ."