ದುರ್ಗಕ್ಕನ ಬೆಲ್ಟು

"ಈ ಬೆಲ್ಟ್ ಮಾತ್ರ ಖಾಲಿ ಬಿಡಬೇಡಿ. ತಿಳೀತಾ?"

ದುರ್ಗಕ್ಕನ ಎದೆಗೆ ಬೆಲ್ಟ್ ಕಟ್ಟಿ ಪ್ರಗತಿ ಹೊರಬಂದರೆ, ಬಾಗಿಲಿಗೆ ಅಡ್ಡ ನಿಂತಿದ್ದ ಮಗ ಸಂದೇಶ!

2009ರ ಮಾತು. ಬೆಲ್ಟಿನ ಸೆನ್ಸರ್ ಎದೆಬಡಿತವನ್ನು ಮೊಬೈಲಿಗೆ ಕೊಡುತ್ತಿತ್ತು, ಮೊಬೈಲು ಇಂಟರ್ನೆಟ್ಟಿನಲ್ಲಿ ಕಾರವಾರದ ಆಸ್ಪತ್ರೆಯ ಪರದೆಗೆ ಕಳಿಸುತ್ತಿತ್ತು. ಅದನ್ನು ನೋಡುವುದೇ ಪ್ರಗತಿಯ ಕೆಲಸ.

"ಇಲ್ಲಿ ಕೇಣಿಯಲ್ಲಿ ನಮ್ಮ ಆಯಿಗೆ ಏನಾರು ಆದ್ರೆ, ಕಾರವಾರದಲ್ಲಿ ಕೂತು ಎಂತ ಮಾಡ್ತ್ರಿ ನೀವು?"

"ನೋಡ್ತೆ. ನಮ್ಮಪ್ಪನಿಗೆ ಎದೆನೋವು ಬಂದಾಗ ನೋಡೂಕೆ ಯಾರೂ ಇರ್ಲಿಲ್ಲ."

ಸಂದೇಶ ಬಾಗಿಲು ಬಿಟ್ಟು ಸರಿದ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಹಬ್ಬುವಾಡದ ಮನೆಯಲ್ಲಿ ಅಪ್ಪ ಒಬ್ಬನೇ ಇದ್ದಾಗ ತೀರಿಹೋದಂದಿನಿಂದ ಅವಳಿಗೆ ಅಳುವಿಲ್ಲ, ಸಿಟ್ಟಿಲ್ಲ, ಉಂಡ ಅನ್ನದ ರುಚಿಯೂ ಇಲ್ಲ, ಪಾಪ!

ದಿನಾ ಸಂಜೆ ಅವಳು ಫೋನ್ ಮಾಡಬೇಕು. ಎತ್ತುವವನು ಸಂದೇಶ.

"ಆಯಿ ಗುಳಿಗೆ ತಕಂಡ್ಲು... ನೀವು ಚಾ ಕುಡಿದ್ರಾ?"

"ಹ್ಞೂಂ."

ಅಷ್ಟೇ! ಆದರೆ ಅಷ್ಟಕ್ಕೇ ಪರದೆಯ ಮೇಲೆ ದುರ್ಗಕ್ಕನ ಎದೆ ದಬದಬ ಓಡುತ್ತಿತ್ತು.

'ನನ್ನ ಫೋನಿಗೆ ಮುದುಕಿ ಹೆದರುತ್ತಾಳೇನೋ...'

ಪ್ರಗತಿ ಫೋನ್ ಮಾಡುವುದನ್ನೇ ಬಿಟ್ಟಳು. ಬಿಟ್ಟದ್ದಕ್ಕೆ ಬೇಜಾರೂ ಆಗಲಿಲ್ಲ. ಅಲ್ಲಿ ಸಂದೇಶ ಮಾತ್ರ, ತನ್ನ ಮಾತೇ ಅತಿಯಾಯಿತು ಎಂದು ಒಳಗೊಳಗೇ ಬೆಂದ.

ಆದರೂ ಸಂಜೆಯಾದರೆ ಪರದೆಯ ಮೇಲೆ ಎದೆಯದು ಅದೇ ಓಟ!

"ಗುಳಿಗೆ ಹೆಚ್ಚು ಮಾಡಬೇಕು. ಒಮ್ಮೆ ಹೋಗಿ ನೋಡಿ ಬಾ," ಎಂದರು ಡಾಕ್ಟರು.

ಸಂಜೆ ಪ್ರಗತಿ ಕೇಣಿಗೆ ಬಂದಾಗ ದುರ್ಗಕ್ಕ ಕಡಲ ದಂಡೆಯಲ್ಲಿ ಒಣಮೀನು ಬುಟ್ಟಿಗೆ ತುಂಬುತ್ತಿದ್ದಳು.

"ಬೆಲ್ಟ್ ಎಲ್ಲಿ ದುರ್ಗಕ್ಕ?"

"ಕೆಲ್ಸದ ಹೊತ್ತಿಗೆ ಬೆವರಿ ತುರಿಸ್ತದೆ ಮಗಾ. ಖಾಲಿ ಬಿಡಬ್ಯಾಡಿ ಅಂದಿದ್ಯಲೆ? ಅದ್ಕೇ ಸಂಜೆ ಇವ್ನಿಗೆ ಕಟ್ತೆ!"

ಪಕ್ಕದಲ್ಲಿದ್ದ ಸಂದೇಶ ಅಂಗಿಯ ಗುಂಡಿ ಹಿಡಿದುಕೊಂಡ.

"ಬುದ್ಧಿ ಇದ್ಯಾ ನಿಮ್ಗೆ?" ಪ್ರಗತಿ ಕೂಗಿದಳು. "ನಿಮ್ಮ ಎದೆ ನೋಡಿ ಆಯಿಗೆ ಗುಳಿಗೆ ಹೆಚ್ಚು ಕೊಡ್ತಿದ್ರು! ಏನಾರು ಆಗಿದ್ರೆ... ನಾನು ನೋಡ್ತಾ ಕೂತೂ..."

ಅವಳ ದನಿ ಒಡೆಯಿತು. ದುರ್ಗಕ್ಕ ಬುಟ್ಟಿ ಎತ್ತಿಕೊಂಡು ಮೆಲ್ಲಗೆ ಮನೆ ಕಡೆ ಜಾರಿಕೊಂಡಳು.

"ತಪ್ಪಾಯ್ತು," ಎಂದ ಸಂದೇಶ. "ಆದ್ರೆ ಎದೆ ಓಡಿದ್ದು ಸುಳ್ಳಲ್ಲ. ನಿಮ್ಮ ಫೋನ್ ಬಂದ್ರೂ ಓಡ್ತದೆ... ಬರ್ದೇ ಇದ್ರೂ ಓಡ್ತದೆ."

"ಅಪ್ಪ ಹೋದ ಮೇಲೆ ನಂಗೆ ಏನೂ ಅನಿಸೂದೇ ಇಲ್ಲ ಸಂದೇಶ..."

"ಹೌದಾ? ಹಂಗಾರೆ ಈಗ ಬೈದವ್ರು ಯಾರು? ಅಳ್ತಾ ಇದ್ದವ್ರು ಯಾರು?"

ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು. ಒದ್ದೆ!

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಡಾಕ್ಟರು!

"ಪ್ರಗತೀ, ದುರ್ಗಕ್ಕನ ಎದೆ ಸಿಕ್ಕಾಪಟ್ಟೆ ಓಡ್ತಾ ಇದೆ! ಬೇಗ ನೋಡು!"

"ಅದು ದುರ್ಗಕ್ಕಂದಲ್ಲ ಸರ್..." ಅವಳು ಸಂದೇಶನನ್ನೇ ನೋಡಿದಳು. "ನಮ್ಮವರದು."

"ಎಂತ... ಎಂತ ಹೇಳ್ದಿ? ಇನ್ನೊಂದ್ಸಲ ಹೇಳು!" ಎಂದ ಸಂದೇಶ.

"ಮೊದ್ಲು ಬೆಲ್ಟ್ ಬಿಚ್ಚಿ ಕೊಡು ಮಾರಾಯಾ. ಆಯಿಗೆ ಕಟ್ಟಬೇಕು."